ಕಂಪೆನಿಯ ನೆರವು, ನಮ್ಮೂರಿನ ಸಂಘ

ಬಡಾವಣೆಯ ವಾಚನಾಲಯಕ್ಕೋ ಶಿಶುವಿಹಾರಕ್ಕೋ ದೊಡ್ಡ ಕಂಪೆನಿಗಳು ಹಣ ಕೊಟ್ಟಾವೆಯೆ ಎಂದು ಕೇಳುವವರುಂಟು. ಕೊಡಬಹುದು. 2013ರ ಕಂಪೆನಿ ಕಾಯಿದೆಯ 135ನೆಯ ವಿಧಿಯಂತೆ, ಹಿಂದಿನ ವರ್ಷ 5 ಕೋಟಿ ರೂಪಾಯಿ ನಿವ್ವಳ ಲಾಭ ಮುಟ್ಟಿದ ಕಂಪೆನಿಯು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನಾದರೂ ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಯಾರಿಗೆ ಕೊಡಬೇಕೆಂಬುದು ಅದರ ಆಡಳಿತ ಮಂಡಲಿಗೆ ಬಿಟ್ಟದ್ದು. ಆದರೆ ತಾನಿರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ. ಆದ್ದರಿಂದ ಮುಂಬಯಿಯ ಹೆಸರಾಂತ ಪ್ರತಿಷ್ಠಾನಕ್ಕೆ ಬರೆಯುವ ಮುನ್ನ ಊರಂಚಿನ ಕಾರ್ಖಾನೆಯವರನ್ನು ಕಾಣುವುದು ಜಾಣತನ.

ಒಳ್ಳೆಯ ಸಂಘಗಳೂ ಎಡವುವುದು ಕಾಗದಪತ್ರದಲ್ಲಿ. 1960ರ ಸಂಘಗಳ ನೋಂದಣಿ ಕಾಯಿದೆಯಂತೆ ದಾಖಲಾಗಿದ್ದರೆ ಸಾಲದು. ಆದಾಯ ತೆರಿಗೆಯವರ 12ಎ, 80ಜಿ ನೋಂದಣಿಯೂ, ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ಎಂಬ ನಮೂನೆಯನ್ನು ಸಲ್ಲಿಸಿ ಸಂಖ್ಯೆ ಪಡೆಯುವುದೂ ಕಡ್ಡಾಯವಾಗಿದೆ. ಇದಕ್ಕೆ ಲೆಕ್ಕಪರಿಶೋಧಕರ ದೃಢೀಕರಣ ಬೇಕಾದೀತು. ಜಮಾಖರ್ಚನ್ನು ಕಾರ್ಯದರ್ಶಿಗಳ ಕಿಸೆಯ ಚೀಟಿಗಳಲ್ಲಿ ಇಟ್ಟುಕೊಂಡವರ ಗತಿಯನ್ನು ಬೇರೆ ಹೇಳಬೇಕೆ?

ಅರ್ಜಿಯಲ್ಲಿ ಸೇವೆಯ ಮಹಿಮೆಯನ್ನು ಕೊಂಡಾಡುವುದು ಬೇಡ. ‘ಬಡಮಕ್ಕಳ ಏಳಿಗೆಗಾಗಿ’ ಎನ್ನುವುದಕ್ಕಿಂತ ‘ಸಂಜೆ 40 ಮಕ್ಕಳು ಓದಲು ಕೂರುತ್ತಾರೆ, ದೀಪ ಎರಡೇ’ ಎಂದರೆ ಓದುವವರಿಗೆ ನಾಟುತ್ತದೆ. ಬಾಡಿಗೆಯೆಷ್ಟು, ಉಪಾಧ್ಯಾಯಿನಿಯ ಸಂಬಳವೆಷ್ಟು ಎಂಬುದನ್ನು ಬಿಡಿಬಿಡಿಯಾಗಿ ಕಾಣಿಸಿ. ನೆರವು ನಿಂತ ಮೇಲೆ ನಡೆಸುವವರಾರು ಎಂದು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಸಂಘದ ಸಭೆಯಲ್ಲಿಯೇ ಮೊದಲು ಗೊತ್ತುಮಾಡಿಕೊಂಡಿರಬೇಕು. ಕಂಪೆನಿಗಳ ಹಣಕಾಸಿನ ವರ್ಷ ಸಾಮಾನ್ಯವಾಗಿ ಏಪ್ರಿಲಿನಲ್ಲಿ ಮೊದಲಾಗುವುದರಿಂದ, ಸಂಕ್ರಾಂತಿಯ ವೇಳೆಗೆ ಅರ್ಜಿ ಅವರ ಕೈಸೇರಿದ್ದರೆ ಮೇಲು.