ಕುದುರೆ ಆರಿಸಿದ ಬೆಟ್ಟ: ತವಾಂಗ್

ಮಠ ಎಲ್ಲಿ ಕಟ್ಟಬೇಕು ಅಂತ
ಒಂದು ಕುದುರೆ ತೀರ್ಮಾನ ಮಾಡಿದ ಕಥೆ ಗೊತ್ತಾ?

ಇದು ಅರುಣಾಚಲದ ತವಾಂಗ್.
ಹಿಂದೆ ಮೆರಾಗ್ ಲಾಮಾ ಅನ್ನೋ ಬೌದ್ಧ ಗುರು ಗುಹೆಯಲ್ಲಿ ಧ್ಯಾನ ಮುಗಿಸಿ ಹೊರಗೆ ಬಂದರು.
ಕುದುರೆ ಕಾಣ್ತಿಲ್ಲ!
ಹುಡುಕಿದರೆ, ಬೆಟ್ಟದ ನೆತ್ತಿ ಮೇಲೆ ನಿಂತಿದೆ.
ಅಲ್ಲೇ ಮಠ ಕಟ್ಟಿಸಿದರು ಅಂತಾರೆ ಇಲ್ಲಿನ ಮೊನ್ಪಾ ಜನ.

ಇವತ್ತು ಅದು ಭಾರತದ ಅತಿ ದೊಡ್ಡ ಬೌದ್ಧ ಮಠ.
ಹಳದಿ ಚಾವಣಿ, ಬಿಳಿ ಗೋಡೆ.
ದೂರದಿಂದ ನೋಡಿದರೆ,
ಕೋಟೆಯೊಳಗೆ ಒಂದು ಪುಟ್ಟ ಊರೇ ಇದ್ದ ಹಾಗೆ.
ಒಳಗೆ, ತಲೆ ಎತ್ತಿ ನೋಡಬೇಕಾದ ಬುದ್ಧ.

6ನೇ ದಲೈ ಲಾಮಾ ಹುಟ್ಟಿದ್ದು ಪಕ್ಕದ ಉರ್ಗೆಲಿಂಗ್‌ನಲ್ಲಿ.
1959ರಲ್ಲಿ, ಈಗಿನ ದಲೈ ಲಾಮಾ
ಟಿಬೆಟ್ ಬಿಟ್ಟು ಭಾರತಕ್ಕೆ ಬಂದಿದ್ದೂ ತವಾಂಗ್ ದಾರಿಯಲ್ಲೇ.
ನಮ್ಮ ಬೈಲುಕುಪ್ಪೆಯ ಟಿಬೆಟನ್ನರ ಕಥೆ
ಶುರುವಾಗೋದು ಆ ವಲಸೆಯಿಂದ.

ಇನ್ನು ಪ್ರಯಾಣ.
2024ರಿಂದ ಸೆಲಾ ಸುರಂಗ ಇದೆ, ಬೇಗ ತಲುಪಬಹುದು.
ಆದರೆ ಆಕಾಶ ತಿಳಿಯಾಗಿದ್ದರೆ ಸುರಂಗ ಬಿಡಿ,
ಮೇಲಿನ ಸೆಲಾ ಪಾಸ್ ಹತ್ತಿ.
13,000 ಅಡಿಗೂ ಎತ್ತರ.
ಹಿಮದ ನಡುವೆ ಕೆರೆ,
ಗಾಳಿಗೆ ಪಟಪಟ ಅನ್ನೋ ಪ್ರಾರ್ಥನಾ ಬಾವುಟಗಳು.
ಅಲ್ಲಿ ಓಡಬೇಡಿ, ಉಸಿರು ಸಿಗಲ್ಲ.

ಹೊರಡೋ ಮುಂಚೆ
ಇನ್ನರ್ ಲೈನ್ ಪರ್ಮಿಟ್ ಮಾಡಿಸಿಕೊಳ್ಳಿ.
ಅದಿಲ್ಲದೆ ಅರುಣಾಚಲದ ಒಳಗೆ ಬಿಡಲ್ಲ.