ಸ್ವಂತ ನೆಲದ ಬೆಂಕಿ: ಹಕ್ಕೂ ಹೊಣೆಯೂ

ಸಂಕ್ರಾಂತಿ ಕಳೆದು ಶಿವರಾತ್ರಿ ಸಮೀಪಿಸಿತೆಂದರೆ ನಮ್ಮ ನಾಡಿನಲ್ಲಿ ಹೊಗೆಯ ಕಾಲ ಬಂದಿತೆಂದೇ ತಿಳಿಯಬೇಕು. ಬಯಲುಸೀಮೆಯಲ್ಲಿ ಕಬ್ಬು ಕಟಾವಾದ ಹೊಲಗಳ ರವದಿಗೆ ಬೆಂಕಿ ಬೀಳುತ್ತದೆ. ಮಲೆನಾಡಿನಲ್ಲಿ ತೋಟದ ಅಂಚಿನ ಒಣಹುಲ್ಲಿಗೂ ಬೇಲಿಯ ಲಂಟಾನಕ್ಕೂ ಕಡ್ಡಿ ಗೀರುತ್ತಾರೆ. ಪಟ್ಟಣಗಳಲ್ಲಿ ಖಾಲಿ ನಿವೇಶನದ ಕಳೆಯೂ, ಅಂಗಳದಲ್ಲಿ ಗುಡಿಸಿದ ಎಲೆಯೂ, ಅದರೊಡನೆ ಮನೆಯ ಕಸವೂ ಸಾಯಂಕಾಲದ ಹೊತ್ತಿಗೆ ಹೊಗೆಯಾಗಿ ನೆರೆಯವರ ಕಿಟಕಿಗಳನ್ನು ಹೊಗುತ್ತವೆ. ಪ್ರಶ್ನಿಸಿದರೆ ಎಲ್ಲೆಡೆಯೂ ದೊರೆಯುವ ಉತ್ತರ ಒಂದೇ: "ನೆಲ ನಮ್ಮದು, ಕಸ ನಮ್ಮದು, ಸುಟ್ಟರೆ ಯಾರಿಗೇನು?" ಈ ಉತ್ತರವು ಎಷ್ಟರಮಟ್ಟಿಗೆ ನ್ಯಾಯಸಮ್ಮತವೆಂಬುದನ್ನು ವಾಚಕರೊಡನೆ ವಿಚಾರಮಾಡುವುದು ಉಚಿತವೆಂದು ತೋರುತ್ತದೆ.

ನೆಲದ ಮೇಲೆ ಒಡೆಯನಿಗೆ ಹಕ್ಕಿದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವನು ಉಳಬಹುದು, ಬೀಳುಬಿಡಬಹುದು, ಬೇಲಿ ಹಾಕಬಹುದು. ಆದರೆ ಬೆಂಕಿಗೆ ಮಾತ್ರ ಬಾಂದುಕಲ್ಲಿನ ಗುರುತು ತಿಳಿಯದು. ಹಚ್ಚುವ ತನಕ ಅದು ಒಬ್ಬನ ಇಚ್ಛೆಗೆ ಅಧೀನ. ಹಚ್ಚಿದ ಮೇಲೆ ಗಾಳಿಗೂ ಇಳಿಜಾರಿಗೂ ಒಣಹುಲ್ಲಿಗೂ ಅಧೀನ. ಅದರ ಹೊಗೆಯಂತೂ ಹುಟ್ಟಿದ ಕ್ಷಣದಿಂದಲೇ ಊರಿನದು. ಆದಕಾರಣ ಸ್ವಂತ ನೆಲದಲ್ಲಿ ಹೊತ್ತಿಸಿದ ಬೆಂಕಿಯು ಸ್ವಂತ ವಿಷಯವಾಗಿ ಉಳಿಯುವುದಿಲ್ಲವೆಂಬ ತತ್ತ್ವವನ್ನು ಎಲ್ಲ ದೇಶಗಳ ಕಾನೂನೂ ಒಂದಲ್ಲ ಒಂದು ರೂಪದಲ್ಲಿ ಒಪ್ಪಿದೆ. ನಮ್ಮ ಕಾನೂನೂ ಒಪ್ಪಿದೆ. ಅದನ್ನು ಬಲ್ಲವರು ಮಾತ್ರ ವಿರಳ.

1860ರ ದಂಡಸಂಹಿತೆಯ 285ನೆಯ ಪ್ರಕರಣವು ಬೆಂಕಿಯ ವಿಷಯದಲ್ಲಿ ಅಜಾಗರೂಕತೆಯನ್ನು ಅಪರಾಧವೆಂದು ಎಣಿಸಿತ್ತು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ವಿಧಿಯು 287ನೆಯ ಪ್ರಕರಣವಾಗಿದೆ. ಪರರ ಪ್ರಾಣಕ್ಕೆ ಅಪಾಯವಾಗುವಂತೆ, ಅಥವಾ ಇತರರಿಗೆ ಗಾಯವೋ ಹಾನಿಯೋ ಆಗುವ ಸಂಭವವಿರುವಂತೆ, ದುಡುಕಿನಿಂದಲೋ ಅಲಕ್ಷ್ಯದಿಂದಲೋ ಬೆಂಕಿಯನ್ನು ಬಳಸಿದವನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ರೂ. 2,000ದವರೆಗೆ ಜುಲ್ಮಾನೆ, ಅಥವಾ ಎರಡೂ ಪ್ರಾಪ್ತವಾಗಬಹುದು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ತನ್ನ ವಶದಲ್ಲಿರುವ ಬೆಂಕಿಗೆ ತಕ್ಕ ಕಟ್ಟುಪಾಡು ಮಾಡದೆ ಬಿಟ್ಟವನೂ ಇದೇ ವಿಧಿಗೆ ಗುರಿಯಾಗುತ್ತಾನೆ. "ನಾನು ಹಚ್ಚಿ ಮನೆಗೆ ಹೋದೆ, ಆಮೇಲೆ ಗಾಳಿ ಎದ್ದಿತು" ಎಂಬ ಸಮಾಧಾನವು ಅಪರಾಧಕ್ಕೆ ಉತ್ತರವಾಗುವುದರ ಬದಲು ಅಪರಾಧದ ಒಪ್ಪಿಗೆಯೇ ಆಗಬಹುದು. ಹಾನಿಮಾಡುವ ಉದ್ದೇಶದಿಂದಲೇ ಪರರ ಪೈರಿಗೋ ಸ್ವತ್ತಿಗೋ ಬೆಂಕಿಯಿಟ್ಟರಂತೂ 326ನೆಯ ಪ್ರಕರಣದ ಮೇರೆಗೆ ಏಳು ವರ್ಷಗಳವರೆಗೆ ಶಿಕ್ಷೆಯುಂಟು.

ಕಾಡಿನ ನೆರೆಯಲ್ಲಿ ಭೂಮಿಯುಳ್ಳವರ ಹೊಣೆ ಇನ್ನೂ ಹಿರಿದು. 1927ರ ಭಾರತೀಯ ಅರಣ್ಯ ಕಾಯಿದೆಯು ಕಾಯ್ದಿಟ್ಟ ಅರಣ್ಯಕ್ಕೆ ಅಪಾಯವಾಗುವಂತೆ, ನಿಯಮ ಮೀರಿ ಬೆಂಕಿ ಹೊತ್ತಿಸುವುದನ್ನೂ ಉರಿಯಬಿಡುವುದನ್ನೂ ದಂಡಾರ್ಹವೆಂದು ವಿಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ಪ್ರಕರಣವು ಅಭಯಾರಣ್ಯಗಳಲ್ಲಿ ಅಂಥ ಬೆಂಕಿಯನ್ನು ನಿಷೇಧಿಸಿದೆ. ಅದೇ ಕಾಯಿದೆಯ 27ನೆಯ ಪ್ರಕರಣವು ಅಭಯಾರಣ್ಯದೊಳಗೆ ವಾಸಿಸುವ ಪ್ರತಿಯೊಬ್ಬನಿಗೂ ಕರ್ತವ್ಯವೊಂದನ್ನು ಹೊರಿಸಿದೆ: ಒಳಗಿನ ಬೆಂಕಿ ತನ್ನ ಗಮನಕ್ಕೆ ಬಂದರೆ ಆರಿಸಬೇಕು, ಸಮೀಪದ ಬೆಂಕಿ ಹಬ್ಬದಂತೆ ತಡೆಯಬೇಕು.

ಇನ್ನು ಕಸದ ವಿಷಯ. 1981ರ ವಾಯುಮಾಲಿನ್ಯ ಕಾಯಿದೆಯ 19ನೆಯ ಪ್ರಕರಣದಲ್ಲಿ, ಇಂಧನವಲ್ಲದ ವಸ್ತುಗಳನ್ನು ಸುಡುವುದರಿಂದ ವಾಯು ಕೆಡುವ ಸಂಭವವಿದ್ದರೆ ಅಧಿಸೂಚನೆಯ ಮೂಲಕ ಅದನ್ನು ನಿಷೇಧಿಸುವ ಅಧಿಕಾರವು ರಾಜ್ಯ ಸರ್ಕಾರಕ್ಕಿದೆ. 2016ರ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ಬಯಲಿನಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟವರಿಗೆ ರೂ. 5,000, ರಾಶಿಗಟ್ಟಲೆ ಸುಟ್ಟವರಿಗೆ ರೂ. 25,000 ಪರಿಹಾರಧನವನ್ನು ಗೊತ್ತುಪಡಿಸಿತು. ಇದರ ಹಿಂದಿನ ಕಾರಣವು ಸ್ಪಷ್ಟವಾಗಿದೆ. ಪ್ಲಾಸ್ಟಿಕ್ಕು, ರಬ್ಬರು, ಬಣ್ಣ ಬಳಿದ ಮರ, ತಂತಿಯ ಹೊದಿಕೆ ಇವು ಕಡಮೆ ಶಾಖದಲ್ಲಿ ಅರೆಬೆಂದು ಉರಿಯುವಾಗ ಡಯಾಕ್ಸಿನ್ ಮೊದಲಾದ ವಿಷಗಳು ಹುಟ್ಟುತ್ತವೆ. ಎಲೆಯ ಹೊಗೆಯೂ ನಿರಪಾಯವಲ್ಲ. ಅದರಲ್ಲಿನ ಅತಿಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಮೂವತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕವಾಗಿದ್ದು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲದ ಮುಸ್ಸಂಜೆ ಮುಂಜಾವುಗಳಲ್ಲಿ ನೆಲದ ಬಳಿಯ ತಣ್ಣನೆಯ ಗಾಳಿ ಮೇಲೇಳದಿರುವುದರಿಂದ ಹೊಗೆಯು ಬೀದಿಯಲ್ಲೇ ಮಡುಗಟ್ಟುತ್ತದೆ. ಉಬ್ಬಸದ ಮುದುಕನೂ ತೊಟ್ಟಿಲ ಕೂಸೂ ಅದನ್ನು ಉಸಿರಾಡದೆ ಗತ್ಯಂತರವಿಲ್ಲ. ಆದುದರಿಂದ ಪಟ್ಟಣವಾಸಿಗಳಿಗೆ ನಮ್ಮ ಮಾತು ಸರಳವಾದುದು: ಕಸವನ್ನು ಸುಡಲೇಬಾರದು. ಎಲೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಆಗಾಗ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ.

ರೈತನ ಪ್ರಶ್ನೆ ಇಷ್ಟು ಸುಲಭವಾದುದಲ್ಲ. ಸುಟ್ಟ ಬೂದಿ ಗೊಬ್ಬರವಲ್ಲವೇ ಎಂದು ಅವನು ಕೇಳುತ್ತಾನೆ. ಬೂದಿಯಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶ ಉಳಿಯುವುದು ನಿಜ. ಆದರೆ ಸಾರಜನಕದ ಬಹುಪಾಲೂ ಗಂಧಕದ ಒಂದು ಪಾಲೂ ಹೊಗೆಯೊಡನೆ ಹೋಗುತ್ತವೆ. ನೆಲಕ್ಕೆ ಸೇರಬೇಕಾಗಿದ್ದ ಸಾವಯವ ಪದಾರ್ಥವೆಲ್ಲ ಕ್ಷಣಾರ್ಧದಲ್ಲಿ ನಾಶವಾಗುತ್ತದೆ. ಒಂದೆಕರೆ ಕಬ್ಬಿನಲ್ಲಿ ಸುಮಾರು ಮೂರು ನಾಲ್ಕು ಟನ್ನು ರವದಿ ದೊರೆಯುತ್ತದೆ. ಅದನ್ನು ಸಾಲುಬಿಟ್ಟು ಸಾಲಿಗೆ ಹರಡಿದರೆ ತೇವ ಉಳಿದು ಕಳೆ ಅಡಗಿ ಕೂಳೆ ಬೆಳೆಗೆ ಅನುಕೂಲವಾಗುತ್ತದೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಿಂದಿನವರು ಮಾಡುತ್ತಿದ್ದ ಸುಡುಮಣ್ಣಿನ ಪದ್ಧತಿಯನ್ನು ಈ ಬೆಂಕಿಗೆ ಸಮರ್ಥನೆಯಾಗಿ ಹೇಳುವವರುಂಟು. ಆ ಹೋಲಿಕೆ ಸಲ್ಲದು. ಸೊಪ್ಪುಕಡ್ಡಿಗಳ ಮೇಲೆ ಮಣ್ಣು ಹೊದಿಸಿ ಒಂದೇ ಕಡೆ ಮೆಲ್ಲನೆ ಕಮರಿಸುವ ಆ ಕ್ರಮದಲ್ಲಿ ಬೆಂಕಿಗೆ ಅಂಕೆಯಿತ್ತು. ಹೊಲಕ್ಕೆ ಹೊಲವನ್ನೇ ಹೊತ್ತಿಸುವುದರಲ್ಲಿ ಅಂಕೆಯೆಂಬುದೇ ಇಲ್ಲ.

ಇಷ್ಟಾದರೂ ರೋಗ ತಗುಲಿದ ಗಿಡ, ಮುಳ್ಳುಪೊದೆ, ಬೇರೆ ದಾರಿಯಿಲ್ಲದ ಒಣಕಸ ಇವುಗಳನ್ನು ಸುಡಬೇಕಾದ ಪ್ರಸಂಗ ಬರುವುದುಂಟು. ಸ್ಥಳದ ನಿಯಮವನ್ನು ಪಂಚಾಯತಿಯಲ್ಲಿಯೂ, ಕಾಡಿನ ಅಂಚಾದರೆ ಅರಣ್ಯ ಇಲಾಖೆಯವರಲ್ಲಿಯೂ ವಿಚಾರಿಸಿ, ಅನುಮತಿಯಿದ್ದರೆ ಮಾತ್ರ ಹಚ್ಚಬೇಕು. ಗಾಳಿ ಬೀಸುವ ದಿನವೂ, ಬಿಸಿಲು ಏರಿದ ಮಧ್ಯಾಹ್ನವೂ ವರ್ಜ್ಯ. ಬಣವೆ, ಕೊಟ್ಟಿಗೆ, ಗುಡಿಸಲು, ವಿದ್ಯುತ್ತಿನ ತಂತಿ, ಬಾಗಿದ ಕೊಂಬೆ ಇವುಗಳಿಂದ ದೂರವಿರುವ ಜಾಗವನ್ನು ಆರಿಸಬೇಕು. ರಾಶಿಯ ಸುತ್ತಲೂ ಕನಿಷ್ಠ ಹತ್ತು ಅಡಿ ಅಗಲಕ್ಕೆ ಹುಲ್ಲು ಕೆತ್ತಿ ಬರಿಮಣ್ಣು ಕಾಣುವಂತೆ ಬೆಂಕಿರೇಖೆ ತೆಗೆಯಬೇಕು. ದೊಡ್ಡ ರಾಶಿ ಒಟ್ಟುವ ಬದಲು ಚಿಕ್ಕದನ್ನು ಹಚ್ಚಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿರಬೇಕು. ಸೀಮೆಎಣ್ಣೆ, ಪೆಟ್ರೋಲು ಸುರಿಯುವುದು ಪ್ರಾಣಕ್ಕೇ ಅಪಾಯ. ಪೆಟ್ರೋಲಿನ ಆವಿಯು ಕಡ್ಡಿ ಗೀರಿದವನನ್ನೇ ಮೊದಲು ಸುಡುತ್ತದೆ. ಬೆಂಕಿಯು ಏರುನೆಲದಲ್ಲಿ ಮೇಲ್ಮುಖವಾಗಿ ಓಡುತ್ತದೆಂಬುದನ್ನೂ, ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದನ್ನೂ ಗುಡ್ಡದ ಕೆಳಗೆ ಹಚ್ಚುವವರು ಎಂದಿಗೂ ಮರೆಯಬಾರದು.

ಹಚ್ಚುವ ಮುನ್ನವೇ ನೀರು ತುಂಬಿದ ಕೊಡಗಳು, ಸಲಿಕೆ, ಗುದ್ದಲಿ, ಬಡಿಯುವುದಕ್ಕೆ ಹಸಿ ಸೊಪ್ಪಿನ ಕೊಂಬೆಗಳು ಕೈಗೆಟುಕುವಂತಿರಬೇಕು. ಇಬ್ಬರಿಗೆ ಕಡಮೆಯಿಲ್ಲದೆ ಆಳುಗಳಿರಬೇಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವರ ಕಥೆಯನ್ನು ನಾವೆಲ್ಲ ಗಾದೆಯಲ್ಲಿ ಕೇಳಿದ್ದೇವೆ. ಹೊಲದಲ್ಲಿಯೂ ನೋಡುವುದು ಬೇಡ. ಉರಿ ಅಡಗಿದ ಮೇಲೂ ಬೂದಿಯೊಳಗೆ ಕೆಂಡವು ದಿನಗಟ್ಟಲೆ ಜೀವಂತವಾಗಿರುತ್ತದೆ. ನೀರು ಸುರಿದು, ಕೆದಕಿ, ಮತ್ತೆ ಸುರಿದು, ಅಂಗೈಯ ಹಿಂಬದಿಯನ್ನು ಸಮೀಪಕ್ಕೆ ಒಯ್ದಾಗ ಬಿಸಿ ತೋರದಿದ್ದರೆ ಮಾತ್ರ ಜಾಗ ಬಿಡಬೇಕು. ಕೈಮೀರಿತೆಂದು ಕಂಡರೆ ಮಾನಾಪಮಾನ ನೋಡದೆ 101 ಅಥವಾ 112ಕ್ಕೆ ಕೂಡಲೇ ತಿಳಿಸಬೇಕು. ದಂಡಕ್ಕೆ ಹೆದರಿ ಅರ್ಧ ಗಂಟೆ ಮುಚ್ಚಿಟ್ಟ ಬೆಂಕಿಯು ಊರನ್ನೇ ನುಂಗಬಲ್ಲದು.

ಈ ಎಚ್ಚರಿಕೆಗಳನ್ನು ಅತಿಶಯೋಕ್ತಿಯೆಂದು ತಿಳಿಯುವವರು 2019ರ ಫೆಬ್ರವರಿಯನ್ನು ನೆನೆಯಬೇಕು. ಆ ತಿಂಗಳ ಕೊನೆಯ ವಾರದಲ್ಲಿ ಬಂಡೀಪುರದ ಕಾಡು ಕೆಲವು ದಿನ ಸತತವಾಗಿ ಉರಿದು ಹತ್ತು ಸಾವಿರಕ್ಕೂ ಹೆಚ್ಚು ಎಕರೆ ಕರಿಯಾಯಿತು. ಕಡೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಆ ಬೆಂಕಿಯು ಖಾಸಗಿ ಹೊಲದಿಂದ ಹೊರಟಿತೆಂದು ನಾವು ಹೇಳುತ್ತಿಲ್ಲ. ಒಣಗಿದ ಕಾಡಿಗೆ ಒಂದು ಕಿಡಿ ಸೇರಿದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ. 2017ರಲ್ಲಿ ಅದೇ ಬಂಡೀಪುರದಲ್ಲಿಯೂ, 2023ರಲ್ಲಿ ಸಕಲೇಶಪುರದ ಕಾಡಿನಲ್ಲಿಯೂ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣವನ್ನೇ ಒಪ್ಪಿಸಿದರು. ಯಾರೋ ಗೀರಿದ ಕಡ್ಡಿಗೆ ಬೆಲೆ ತೆರುವವರು ಬಹುಶಃ ಅಲ್ಪ ಸಂಬಳದ ಇಂಥ ನೌಕರರೇ ಎಂಬುದನ್ನು ಸಮಾಜವು ಮರೆಯಬಾರದು.

ಪ್ರಜೆಗಳಿಗೆ ಇಷ್ಟು ಹೇಳಿದ ಮೇಲೆ ಅಧಿಕಾರಿವರ್ಗಕ್ಕೂ ಎರಡು ಮಾತು ಹೇಳುವುದು ನಮ್ಮ ಕರ್ತವ್ಯ. ದಂಡದಿಂದಲೇ ಬೆಂಕಿ ಆರುವುದಾಗಿದ್ದರೆ ಪಂಜಾಬಿನಲ್ಲಿ ಎಂದೋ ಆರಬೇಕಾಗಿತ್ತು. ಅಲ್ಲಿ ಅಂತರ್ಜಲವನ್ನು ಉಳಿಸುವುದಕ್ಕಾಗಿ 2009ರಲ್ಲಿ ಮಾಡಿದ ಕಾಯಿದೆಯು ಬತ್ತದ ನಾಟಿಯನ್ನು ಜೂನ್ ತಿಂಗಳಿಗೆ ಮುಂದೂಡಿತು. ಉದ್ದೇಶ ಸಾಧುವಾದುದೇ, ಆದರೆ ಕೊಯ್ಲೂ ತಡವಾಗಿ, ಗೋಧಿ ಬಿತ್ತನೆಗೆ ಮೊದಲು ರೈತನಿಗೆ ಎರಡು ಮೂರು ವಾರಗಳ ಅವಕಾಶವಷ್ಟೇ ಉಳಿಯಿತು. ಕೊಯ್ಲಿನ ಯಂತ್ರವು ನಿಲ್ಲಿಸಿಹೋದ ಕೂಳೆಯನ್ನು ತೆಗೆಯಲು ಆಳೂ ಇಲ್ಲ, ಕಾಲವೂ ಇಲ್ಲ. ಕಡ್ಡಿಪೆಟ್ಟಿಗೆಯೊಂದೇ ಅಗ್ಗದ ಸಾಧನವಾಯಿತು. 2015ರಲ್ಲಿ ನ್ಯಾಯಮಂಡಲಿಯು ಹಿಡುವಳಿಗೆ ತಕ್ಕಂತೆ ಪರಿಹಾರಧನ ವಿಧಿಸಿತು. 2024ರ ನವೆಂಬರಿನಲ್ಲಿ ದೆಹಲಿಯ ಸುತ್ತಣ ಪ್ರದೇಶಗಳಿಗೆ ಅದನ್ನು ಇಮ್ಮಡಿಗೊಳಿಸಿ, ಎರಡು ಎಕರೆಗಿಂತ ಕಡಮೆಯಿದ್ದವರಿಗೆ ರೂ. 5,000, ಐದು ಎಕರೆಯವರೆಗೆ ರೂ. 10,000, ಅದಕ್ಕೆ ಮೇಲ್ಪಟ್ಟವರಿಗೆ ರೂ. 30,000 ಎಂದು ಗೊತ್ತುಮಾಡಲಾಯಿತು. ದಂಡ ಬಂದದ್ದು 2015ರಲ್ಲಿ. ಕೂಳೆಯ ನಡುವೆಯೇ ಗೋಧಿ ಬಿತ್ತುವ ಯಂತ್ರ ಮೊದಲಾದವುಗಳಿಗೆ ಕೇಂದ್ರದ ವಿಶೇಷ ಸಹಾಯಧನ ಬಂದದ್ದು 2018ರಲ್ಲಿ. ಈ ಕ್ರಮವು ತಲೆಕೆಳಗಾದುದೆಂದು ಹೇಳದೆ ವಿಧಿಯಿಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಬತ್ತದ ಗದ್ದೆಗಳಿಗೂ ಕೊಯ್ಲಿನ ಯಂತ್ರ ಬಂದಿರುವ ನಮ್ಮ ರಾಜ್ಯದಲ್ಲಿ ಈ ಪಾಠವನ್ನು ಮೊದಲೇ ಕಲಿಯುವುದು ಜಾಣತನ.

ಬೇರೆ ದೇಶದವರ ಕ್ರಮವೊಂದು ಅನುಕರಣೀಯವಾಗಿದೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ ತನ್ನ ಜಮೀನಿನಲ್ಲಿ ಸುಡಬಯಸುವವನು ಅಕ್ಕಪಕ್ಕದ ಜಮೀನುದಾರರಿಗೂ ಅಗ್ನಿಶಾಮಕ ದಳಕ್ಕೂ 24 ಗಂಟೆ ಮುಂಚಿತವಾಗಿ ತಿಳಿಸಬೇಕು. ಸಾಮಾನ್ಯವಾಗಿ ಅಕ್ಟೋಬರಿನಿಂದ ಮಾರ್ಚಿಯವರೆಗಿನ ಅಪಾಯಕಾಲದಲ್ಲಿ ಪರವಾನಗಿಯನ್ನೂ ಪಡೆಯಬೇಕು. ಸಂಪೂರ್ಣ ನಿಷೇಧದ ದಿನವೆಂದು ಸಾರಿದರೆ ಆ ಪರವಾನಗಿಯೂ ಅಮಾನತಿನಲ್ಲಿರುತ್ತದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಪಂಚಾಯತಿ ಕಚೇರಿಯಲ್ಲಿ ಒಂದು ಪುಸ್ತಕ, ಹಿಂದಿನ ದಿನವೇ ಬರೆಸಬೇಕೆಂಬ ಕಟ್ಟಳೆ, ನೆರೆಹೊಲದವನಿಗೆ ಒಂದು ಮಾತು, ಅಪಾಯದ ದಿನಗಳಲ್ಲಿ ಡಂಗುರ ಸಾರಿಸುವ ಏರ್ಪಾಡು ಇವಿಷ್ಟಾದರೆ ಅರ್ಧ ಅನಾಹುತ ತಪ್ಪುತ್ತದೆ. ಕಾಡಂಚಿನ ಗ್ರಾಮಗಳಲ್ಲಿ ಇಲಾಖೆಯವರು ಬೆಂಕಿರೇಖೆ ತೆಗೆಯುವಾಗ ರೈತರನ್ನೂ ಕೂಡಿಸಿಕೊಂಡರೆ ಉಳಿದರ್ಧದಲ್ಲಿಯೂ ಬಹಳಷ್ಟು ತಪ್ಪೀತು.

ಪುರಸಭೆಗಳ ವಿಷಯದಲ್ಲಿ ಇನ್ನೊಂದು ಸಂಗತಿ. ಬೀದಿ ಗುಡಿಸಿದ ಕಸವನ್ನು ಸಭೆಯ ನೌಕರರೇ ಮೂಲೆಯಲ್ಲಿ ರಾಶಿಹಾಕಿ ಹೊತ್ತಿಸುವ ಊರಿನಲ್ಲಿ ಗೃಹಸ್ಥನಿಗೆ ಯಾವ ಮುಖದಿಂದ ಜುಲ್ಮಾನೆ ಹಾಕುವುದು? ನೌಕರನನ್ನು ದೂರಿ ಫಲವಿಲ್ಲ. ಗಾಡಿ ಹೊತ್ತಿಗೆ ಬಾರದಿದ್ದರೆ ಆ ಬಡವನಾದರೂ ಏನುಮಾಡಿಯಾನು? ಗಾಡಿಯನ್ನು ಕ್ರಮವಾಗಿ ಕಳುಹಿಸುವುದು ಮೊದಲು, ಎಲೆಗೆ ಗೊಬ್ಬರದ ಗುಂಡಿ ಒದಗಿಸುವುದು ಎರಡನೆಯದು, ಶಿಕ್ಷೆ ಮೂರನೆಯದು. ಪದೇ ಪದೇ ಹೇಳಿದರೂ ಕೇಳದವನ ಮೇಲೆ ಉಪದ್ರವ ನಿವಾರಣೆಯ ಆಜ್ಞೆ ಹೊರಡಿಸಲು ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದ್ದೇ ಇದೆ. ಅದನ್ನು ನಿರ್ದಾಕ್ಷಿಣ್ಯವಾಗಿ, ಬಡವ ಬಲ್ಲಿದನೆಂಬ ಭೇದವಿಲ್ಲದೆ ಚಲಾಯಿಸಬೇಕು. ಗುಡಿಸಲಿನ ಮುಂದಣ ಹಿಡಿ ಎಲೆಗೆ ದಂಡ, ಬಡಾವಣೆ ಮಾಡುವವನ ಹತ್ತು ಎಕರೆ ಬೆಂಕಿಗೆ ಮೌನ ಎಂದಾದರೆ ಕಾನೂನಿನ ಮೇಲೆ ಜನರಿಗಿರುವ ಗೌರವವೇ ಬೂದಿಯಾಗುತ್ತದೆ.

ಬೇಸಗೆ ಇನ್ನೂ ಬಲಿಯಬೇಕಾಗಿದೆ. ಹುಲ್ಲು ಒಣಗುವ ಮುಂಚೆಯೇ ಪಂಚಾಯತಿ, ಪುರಸಭೆ, ಅರಣ್ಯ, ಕಂದಾಯ, ಅಗ್ನಿಶಾಮಕ ಇಲಾಖೆಗಳ ಅಧಿಕಾರಿಗಳು ತಾಲ್ಲೂಕಿಗೊಂದರಂತೆ ಸಭೆ ಸೇರಿಸಿ, ಎಲ್ಲಿ ಸುಡಬಾರದು, ಎಲ್ಲಿ ಯಾರನ್ನು ಕೇಳಿ ಸುಡಬೇಕು ಎಂಬುದನ್ನು ಸರಳವಾದ ಕನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಗ್ರಾಮದ ಚಾವಡಿಯಲ್ಲಿಯೂ ಅಂಟಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಭೂಮಿಯುಳ್ಳ ನಮ್ಮ ವಾಚಕರಾದರೋ ಅಂಥ ಸಭೆಯ ದಾರಿ ಕಾಯಬೇಕಾಗಿಲ್ಲ. ಊರಿನಲ್ಲಿ ಜಮೀನು ನೋಡಿಕೊಳ್ಳುವವರಿಗೆ ಈ ವಾರವೇ ಒಂದು ಮಾತು ಹೇಳಿಕಳುಹಿಸಲಿ: ನನ್ನನ್ನೂ ನೆರೆಯವರನ್ನೂ ಕೇಳದೆ ನಮ್ಮ ನೆಲದಲ್ಲಿ ಬೆಂಕಿ ಹಚ್ಚಕೂಡದು.