ಹಳೆ ಜೀಪಿನ ಮುಂಚಕ್ರದ ಕೀಲು

1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕ್ಕೆಂದು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಅಮೆರಿಕದ ಸೇನೆಯ ದಾಖಲೆಗಳಲ್ಲಿ ಇದು ‘ಕಾಲು ಟನ್ ಟ್ರಕ್’. ಇವತ್ತಿಗೂ ಲೋಕದ ಹಲವೆಡೆ ಇವನ್ನು ಹುಡುಕಿ ತಂದು ಜೀವ ತುಂಬುವವರಿದ್ದಾರೆ. ಬಣ್ಣ, ಬಾನೆಟ್ಟಿನ ಬಿಳಿ ನಕ್ಷತ್ರ, ಕ್ಯಾನ್ವಾಸ್ ಹೊದಿಕೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಗಾಡಿ ನೆಟ್ಟಗೆ ಓಡಬೇಕಾದರೆ ಮಾತ್ರ ಕಣ್ಣಿಗೆ ಬೀಳದ ನಾಲ್ಕು ಪುಟ್ಟ ಬೇರಿಂಗುಗಳು ಸರಿಯಿರಬೇಕು.

ಅವು ಸವೆದಿದ್ದರೆ ಸಣ್ಣ ಗುಂಡಿ ಸಿಕ್ಕರೂ ಸಾಕು, ಮುಂಚಕ್ರಗಳು ಎಡಬಲಕ್ಕೆ ಹೊಯ್ದಾಡಲು ಶುರುಮಾಡುತ್ತವೆ. ವೇಗ ಇಳಿಸುವ ತನಕ ಸ್ಟೀರಿಂಗ್ ಕೈಗೆ ನಿಲ್ಲುವುದಿಲ್ಲ. ಹೆಚ್ಚಿನವರು ಮೊದಲು ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡಿಸುತ್ತಾರೆ, ಇಲ್ಲವೇ ಡ್ಯಾಂಪರ್ ಹಾಕಿಸುತ್ತಾರೆ. ನಡುಕ ಕಡಿಮೆಯಾದಂತೆ ಕಾಣುತ್ತದೆ, ಸವೆತ ಒಳಗೇ ಮುಂದುವರಿಯುತ್ತದೆ.

ಫೋರ್‌ವೀಲ್ ಗಾಡಿಯ ಮುಂಚಕ್ರಕ್ಕೆ ಎರಡು ಕೆಲಸ. ಅದು ಪಕ್ಕಕ್ಕೆ ತಿರುಗಬೇಕು, ಎಂಜಿನ್ನಿನ ಬಲವನ್ನೂ ನೆಲಕ್ಕೆ ಮುಟ್ಟಿಸಬೇಕು. ಅದಕ್ಕಾಗಿ ಆಕ್ಸಲ್‌ನ ತುದಿಯಲ್ಲಿ ಟೊಳ್ಳಾದ ಗೋಳವೊಂದಿದೆ. ಅದರ ಮೇಲೆ ಚಕ್ರವನ್ನು ಹೊತ್ತು ಪಕ್ಕಕ್ಕೆ ತಿರುಗುವ ನಕಲ್ ಕೂರುತ್ತದೆ, ಒಳಗೆ ಶಾಫ್ಟಿನ ಜಾಯಿಂಟ್ ತಿರುಗುತ್ತದೆ. ನಕಲ್ ತಿರುಗುವ ಕೀಲಿಗೆ, ಅಂದರೆ ಕಿಂಗ್‌ಪಿನ್ನಿಗೆ, ಮೇಲೊಂದು ಕೆಳಗೊಂದು ಬೇರಿಂಗ್; ಎರಡೂ ಬದಿ ಸೇರಿ ಆ ನಾಲ್ಕು. ಈ ಬೇರಿಂಗಿನ ರೋಲರುಗಳು ಯಾವತ್ತೂ ಪೂರ್ತಿ ಸುತ್ತು ಹಾಕುವುದಿಲ್ಲ. ಗಾಡಿ ಬಹುಪಾಲು ನೇರವಾಗಿಯೇ ಓಡುವುದರಿಂದ ಅದೇ ರೋಲರು ಕಪ್ಪಿನ, ಅಂದರೆ ಬೇರಿಂಗಿನ ಹೊರಬಳೆಯ, ಅದೇ ಜಾಗವನ್ನು ವರ್ಷಗಟ್ಟಲೆ ಕುಟ್ಟುತ್ತದೆ. ಬಿಚ್ಚಿ ನೋಡಿದರೆ ಕಪ್ಪಿನೊಳಗೆ ಸಾಲಾಗಿ ಉದ್ದನೆಯ ತಗ್ಗುಗಳು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಗೋಳಕ್ಕೂ ನಕಲ್‌ಗೂ ನಡುವಿನ ಸೀಲ್ ಹರಿದು ನೀರು ಹೊಕ್ಕಿದ್ದರೆ ಕೆಳಗಿನ ಬೇರಿಂಗ್ ತುಕ್ಕು ಹಿಡಿದು ಕೆಂಪಾಗಿರುತ್ತದೆ.

ಬಿಚ್ಚುವ ಕೆಲಸಕ್ಕೆ ತಾಳ್ಮೆ ಸಾಕು. ಚಕ್ರ, ಹಬ್, ಸ್ಪಿಂಡಲ್ ತೆಗೆದು, ಜಾಯಿಂಟ್ ಸಮೇತ ಶಾಫ್ಟನ್ನು ಹೊರಗೆಳೆದು, ಸೀಲ್ ಬಿಚ್ಚಿ, ಮೇಲೆ ಕೆಳಗಿನ ಕ್ಯಾಪುಗಳನ್ನು ಕಳಚಿದರೆ ನಕಲ್ ಕೈಗೆ ಬರುತ್ತದೆ. ಹಳೇ ಕಪ್ಪನ್ನು ಹಿತ್ತಾಳೆಯ ಸರಳಿನಿಂದ ಸುತ್ತಲೂ ಸಮನಾಗಿ ತಟ್ಟಿ ಹೊರತೆಗೆಯಬೇಕು. ತಗ್ಗು ಬಿದ್ದ ಕಪ್ಪನ್ನು ಉಳಿಸಿಕೊಂಡು ರೋಲರ್ ಮಾತ್ರ ಹೊಸದು ಹಾಕಿದರೆ ದುಡ್ಡೂ ದಂಡ, ಶ್ರಮವೂ ದಂಡ.

ನಿಜವಾದ ಕಸುಬು ಇರುವುದು ಜೋಡಿಸುವಾಗ. ಕ್ಯಾಪಿನ ಅಡಿಗೆ ಶಿಮ್ ಎಂಬ ತೆಳು ತಗಡುಗಳನ್ನು ಕೊಡುತ್ತಾರೆ. ತೀರಾ ತೆಳ್ಳಗಿನದರ ದಪ್ಪ ಅಂಗುಲದ ಸಾವಿರದಲ್ಲಿ 3 ಭಾಗ. ತಗಡು ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ, ಸೇರಿಸಿದಷ್ಟೂ ಸಡಿಲ. ಮೇಲೂ ಕೆಳಗೂ ಒಂದೇ ದಪ್ಪ ಕೊಡಬೇಕು, ಇಲ್ಲದಿದ್ದರೆ ನಕಲ್ ನಡುಮಟ್ಟ ತಪ್ಪುತ್ತದೆ. ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಕಟ್ಟುವ ಮೊದಲು, ಸೀಲ್ ಹಾಕುವ ಮೊದಲು, ನಕಲ್‌ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ. ಅದು ಸರಾಗವಾಗಿ ತಿರುಗುತ್ತಿರುವಾಗ ಮುಳ್ಳು ತೋರುವ ಕೆಲವೇ ಪೌಂಡುಗಳ ಎಳೆತವೇ ಲೆಕ್ಕ. ಇಲ್ಲಿ ಅಂದಾಜು ಕೆಲಸಕ್ಕೆ ಬಾರದು. ಒಂದು ತಗಡಿನ ವ್ಯತ್ಯಾಸವೂ ತಕ್ಕಡಿಯಲ್ಲಿ ಕಾಣುತ್ತದೆ, ಆಮೇಲೆ ರಸ್ತೆಯಲ್ಲೂ ಕಾಣುತ್ತದೆ. ಇಷ್ಟು ಶ್ರದ್ಧೆಯಿಂದ ಈ ಕೆಲಸ ಮಾಡುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದ ಕೂಲಿ ಹೆಚ್ಚೆನ್ನಬೇಡಿ.

ಕೊನೆಗೆ ಗೋಳದ ಮೇಲಿನ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ ನುಣುಪು ಮಾಡಬೇಕು. ಉಬ್ಬುತಗ್ಗು ಉಳಿದರೆ ಹೊಸ ಸೀಲ್ ಬೇಗ ಹರಿಯುತ್ತದೆ, ನೀರು ಮತ್ತೆ ಒಳಗೆ.

ನಮ್ಮ ಮಲೆನಾಡು, ಕೊಡಗಿನ ತೋಟಗಳಲ್ಲಿ ದುಡಿದ ಮಹೀಂದ್ರದ ಹಳೇ ಸಿಜೆ ಜೀಪುಗಳು ವಿಲ್ಲಿಸ್‌ನ ಸಂತಾನವೇ. ಅವುಗಳ ಮುಂಭಾಗದಲ್ಲೂ ಇದೇ ಬಗೆಯ ಮುಚ್ಚಿದ ನಕಲ್ ಇದೆ. ಅಂಥದ್ದೊಂದು ನಿಮ್ಮ ಶೆಡ್ಡಿನಲ್ಲಿದ್ದರೆ ಮಳೆಗಾಲಕ್ಕೆ ಮೊದಲು ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಯಾರಾದರೂ ಬ್ರೇಕ್ ಒತ್ತಿ ಹಿಡಿದಿರಲಿ, ನೀವು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ನಕಲ್ ಆಡಿದರೆ ತಡಮಾಡದೆ ಬಿಚ್ಚಿಸಿ.